ಎಲ್ಲರ ಜೌಗಿನಲ್ಲಿ ನನ್ನ ಮೂಲೆ

ಸರ್ಕಾರದ ಜಾಗದಲ್ಲಿ ಬಾತುಕೋಳಿ ಹೊಡೆಯಲು ಹೋಗುವವನ ಬಾಳಿನಲ್ಲಿ ಜಗಳಕ್ಕೆ ಬರ ಅನ್ನುವುದಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಗಂಬೂಟು ಹಾಕಿಕೊಂಡು ಬಂದು ನಿಂತಿರುತ್ತದೆ. ಹೂಸ್ಟನ್‌ನಿಂದ ಸಮುದ್ರದ ಕಡೆಗೆ ಡ್ರೈವ್ ಮಾಡಿಕೊಂಡು ಹೋದರೆ ದೊಡ್ಡ ಜೌಗು ಪ್ರದೇಶ ಸಿಗುತ್ತದೆ. ಗೇಟಿನಲ್ಲಿ, ಇದು ಸಾರ್ವಜನಿಕರ ಆಸ್ತಿ ಎಂಬ ಬೋರ್ಡು. ಪರ್ಮಿಟ್ ಇದ್ದವರು ಯಾರು ಬೇಕಾದರೂ ಒಳಗೆ ಹೋಗಬಹುದು. ಯಾರು ಬೇಕಾದರೂ ಹೋಗುತ್ತಾರೆ ಕೂಡ. ತೊಂದರೆ ಇರುವುದೇ ಅಲ್ಲಿ.

ನಾನು ಹೂಸ್ಟನ್‌ನ ಎಣ್ಣೆ ಕಂಪನಿಗಳೆಲ್ಲ ಸಾಲಾಗಿರುವ ಎನರ್ಜಿ ಕಾರಿಡಾರ್‌ನ ಒಂದು ಕಂಪನಿಯಲ್ಲಿ ಎಣ್ಣೆ ಪೈಪುಗಳ ಒತ್ತಡ ಲೆಕ್ಕ ಹಾಕುವವನು. ಮಂಡ್ಯದ ಕಡೆಯವನು, ಮಾಂಸ ತಿನ್ನುವ ಮನೆಯವನು. ಆಫೀಸಿನ ಅಮೆರಿಕನ್ ಸಹೋದ್ಯೋಗಿಯೊಬ್ಬ ಒಂದು ಚಳಿಗಾಲ ನನ್ನನ್ನು ಕರೆದುಕೊಂಡು ಹೋಗಿ ಕೋವಿ ಹಿಡಿಯುವುದನ್ನು ಕಲಿಸಿದ. ಮರುವರ್ಷ ಅವನು ಬೇರೆ ರಾಜ್ಯಕ್ಕೆ ಶಿಫ್ಟ್ ಆದ. ಹುಚ್ಚು ನನ್ನ ಹತ್ತಿರ ಉಳಿಯಿತು. ವಾರವಿಡೀ ನಾನು ಯಾವ ಕುರ್ಚಿಯಲ್ಲಿ ಕೂರಬೇಕು, ಯಾವ ಮೀಟಿಂಗಿನಲ್ಲಿ ತಲೆ ಆಡಿಸಬೇಕು ಅನ್ನುವುದನ್ನು ಬೇರೆಯವರು ನಿರ್ಧರಿಸುತ್ತಾರೆ. ಚಳಿಗಾಲದ ಶನಿವಾರ ಬೆಳಗಿನ ಜಾವ ಮಾತ್ರ, ಮೊಣಕಾಲುದ್ದ ತಣ್ಣೀರಿನಲ್ಲಿ, ಎಲ್ಲಿ ಕೂರಬೇಕು ಅನ್ನುವುದು ನನ್ನ ಇಷ್ಟ. ನನ್ನದು ಅಂತ ಇರುವುದು ಅಷ್ಟೇ ಸುಖ. ಅದರ ಮೇಲೆ ಯಾರು ಯಾರು ಕಣ್ಣು ಹಾಕಿದರು ಅನ್ನುವುದನ್ನು ಹೇಳುತ್ತೇನೆ.

ಪರವಾಗಿಲ್ಲ, ಬನ್ನಿ

ಬೋರ್ಡಿನಲ್ಲಿ ಬರೆಯದ ಕೆಲವು ನಿಯಮಗಳು ಅಲ್ಲಿವೆ. ಕತ್ತಲಲ್ಲಿ ಮೊದಲು ಹೋಗಿ ಕೂತವನದೇ ಆ ಜಾಗ. ಆಮೇಲೆ ಬರುವವನ ಟಾರ್ಚು ದೂರದಲ್ಲಿ ಕಂಡರೆ, ಕೂತವನು ತನ್ನ ಟಾರ್ಚನ್ನು ಅವನ ಕಡೆ ಒಮ್ಮೆ ಬೆಳಗಿಸಬೇಕು. ಇಲ್ಲಿ ಆಗಲೇ ಒಬ್ಬ ಕೂತಿದ್ದಾನೆ, ನೀನು ದೂರ ಹೋಗು ಅಂತ ಅರ್ಥ. ಮರ್ಯಾದಸ್ಥನಾದರೆ ಅವನು ಸುಮ್ಮನೆ ದಾರಿ ಬದಲಿಸುತ್ತಾನೆ.

ನಾನು ಒಂಟಿಯಾಗಿ ಹೋಗಲು ಶುರು ಮಾಡಿದ ಹೊಸದರಲ್ಲಿ ಹೀಗೇ ಒಂದು ಟಾರ್ಚು ಬಂತು. ನಾನು ನಿಯಮದಂತೆ ಬೆಳಗಿಸಿದೆ. ಅದು ನೆಟ್ಟಗೆ ನನ್ನ ಕಡೆಗೇ ಬಂತು. ಟಾರ್ಚಿನ ಹಿಂದೆ ಎತ್ತರದ ಒಬ್ಬ ಮನುಷ್ಯ, ಅವನ ಹಿಂದೆ ಒಂದು ಕರಿ ನಾಯಿ. "ನಾನು ಪ್ರತಿ ವರ್ಷ ಕೂರೋ ಜಾಗ ಇದು. ನಾನೂ ಇಲ್ಲೇ ಕೂತರೆ ನಿನಗೇನಾದರೂ ತೊಂದರೆಯೇ?" ಅಂದ.

ತೊಂದರೆ ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಪರವಾಗಿಲ್ಲ, ಬನ್ನಿ, ಕೂತ್ಕೊಳ್ಳಿ." ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ನಾವು ಬನ್ನಿ ಅನ್ನಬೇಕು, ಅವರು ಅಯ್ಯೋ ಬೇಡ ಬಿಡಿ ಅನ್ನಬೇಕು, ನಾವು ಇನ್ನೊಮ್ಮೆ ಬಲವಂತ ಮಾಡಬೇಕು, ಅವರು ಇನ್ನೊಂದು ದಿನ ಬರ್ತೀನಿ ಅಂತ ಹೊರಟು ಹೋಗಬೇಕು. ಟೆಕ್ಸಸ್‌ನವನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಪರವಾಗಿಲ್ಲ ಅಂದದ್ದೇ ತಡ, ಅವನು ಸ್ಟೂಲು ಬಿಚ್ಚಿ ಕೂತ. ಸಾಲದ್ದಕ್ಕೆ ನಾನು ಕೂತಿದ್ದ ಸ್ಟೂಲನ್ನು ಸ್ವಲ್ಪ ಆ ಕಡೆ ಎಳೆದುಕೊಳ್ಳಲು ಹೇಳಿದ.

ಬೆಳಕು ಹರಿಯುತ್ತಿದ್ದಂತೆ ಎರಡು ಬಾತು ಬಂದವು. ಇಬ್ಬರೂ ಹೊಡೆದೆವು. ಬಿದ್ದದ್ದು ಒಂದು, ಅದೂ ನನ್ನ ಕಡೆಯದು. ನಾನು ಎದ್ದು ನಿಲ್ಲುವ ಮೊದಲೇ ನಾಯಿ ಹಾರಿ ಈಜಿಕೊಂಡು ಹೋಗಿ ಅದನ್ನು ಕಚ್ಚಿ ತಂದು ತನ್ನ ಯಜಮಾನನ ಕೈಗೆ ಕೊಟ್ಟಿತು. ಅವನು ಅದರ ತಲೆ ಸವರಿ, ಬಾತನ್ನು ತನ್ನ ಸೊಂಟದ ಹಗ್ಗಕ್ಕೆ ಸಿಕ್ಕಿಸಿಕೊಂಡ. "ಅದು ನಾನು ಹೊಡೆದದ್ದು ಅನ್ನಿಸುತ್ತೆ," ಅಂದೆ. ಅವನು ನಿಜವಾಗಿಯೂ ಯೋಚನೆ ಮಾಡಿ, "ಹಾಗಿದ್ದರೆ ನಾಯಿ ನಿನಗೆ ಕೊಡ್ತಿತ್ತಲ್ಲ," ಅಂದ.

ಬೆಳಗೆಲ್ಲ ಹಾಗೇ ನಡೆಯಿತು. ಕೊನೆಗೆ ಅವನು ಸ್ಟೂಲು ಮಡಿಸಿಕೊಂಡು ನೆಟ್ಟಗೆ ಹೊರಟ. ನಾಯಿ ಮಾತ್ರ ಎರಡು ಸಲ ನನ್ನ ಕಡೆ ತಿರುಗಿ ನೋಡಿತು. ಇಬ್ಬರಲ್ಲಿ ಸಂಕೋಚ ಇದ್ದದ್ದು ಆ ನಾಯಿಗೇ.

ನೀರಿಗೆ ಹಾಕಿದ ಟವಲ್

ಒಬ್ಬನೇ ಹೋದರೆ ಹೀಗಾಗುತ್ತದೆ ಅಂತ ಜೊತೆಗೊಬ್ಬರನ್ನು ಹುಡುಕಿಕೊಂಡೆ. ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿರುವ ಧಾರವಾಡದವರು, ಸಾಫ್ಟ್‌ವೇರ್ ಕೆಲಸ. ಮೊಟ್ಟೆಯನ್ನೂ ಮುಟ್ಟದವರು. "ಹೊಡೀತೇನಿ, ತಿನ್ನಂಗಿಲ್ರಿ," ಅಂತ ಮೊದಲ ದಿನವೇ ಹೇಳಿಬಿಟ್ಟರು. ಮನುಷ್ಯ ಬಂಗಾರ. ಕೊರೆಯುವ ಚಳಿಯಲ್ಲಿ ಗಿರ್ಮಿಟ್ ಕಟ್ಟಿಕೊಂಡು ಬರುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ನನಗೆ ಸಿಕ್ಕಿದ ಒಬ್ಬನೇ ಗೆಳೆಯ ಅವರು, ಅದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ದೋಷ ಅಂತಿದ್ದರೆ ಒಂದೇ. ಒಳ್ಳೆಯದು ಏನು ಸಿಕ್ಕರೂ ನಾಲ್ಕು ಜನರನ್ನು ಕರೆದು ತೋರಿಸದೆ ಅವರಿಗೆ ತಡೆಯುವುದಿಲ್ಲ.

ಕತ್ತಲಲ್ಲಿ ಜಾಗಕ್ಕಾಗಿ ನಡೆಯುವ ಓಟ ಅವರಿಗೆ ಹಿಡಿಸಲಿಲ್ಲ. "ಇದಕ್ಯಾಕ ಇಷ್ಟ ಗುದ್ದ್ಯಾಡಬೇಕ್ರಿ? ನಾ ನೋಡ್ಕೋತೇನಿ," ಅಂದರು. ಬಾತುಗಳನ್ನು ಕರೆಯಲು ನೀರಿನ ಮೇಲೆ ಪ್ಲಾಸ್ಟಿಕ್ ಬಾತುಗಳನ್ನು ತೇಲಿಬಿಡುವ ರೂಢಿ ಇದೆ. ಇವರು ಶುಕ್ರವಾರ ಸಂಜೆಯೇ ಹೋಗಿ, ಒಳ್ಳೆಯ ಜಾಗ ನೋಡಿ, ನಮ್ಮ ಪ್ಲಾಸ್ಟಿಕ್ ಬಾತುಗಳನ್ನೆಲ್ಲ ತೇಲಿಬಿಟ್ಟು ಮನೆಗೆ ಬಂದು ಮಲಗಿದರು. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದು ಬೆಳೆದವರು. ನಾನೂ ಮದ್ದೂರಿನಲ್ಲಿ ಅದನ್ನೇ ಮಾಡಿ ಬೆಳೆದವನಾದ್ದರಿಂದ, ಭಲೇ ಐಡಿಯಾ ಅಂದೆ.

ಬೆಳಿಗ್ಗೆ ನಾವು ನಿಧಾನವಾಗಿ ಕಾಫಿ ಕುಡಿದು ಹೋದರೆ ಅಲ್ಲಿ ಬೇಟೆಯ ಕಾನೂನು ಕಾಯುವ ಸರ್ಕಾರಿ ವಾರ್ಡನ್ ನಿಂತಿದ್ದ. ಸಾಮಾನನ್ನು ರಾತ್ರಿ ಜೌಗಿನಲ್ಲಿ ಬಿಟ್ಟು ಹೋಗುವುದು ಅಪರಾಧವಂತೆ. "ಇವು ನಿಮ್ಮವಾ?" ಅಂದ. ಗೆಳೆಯರು ಹೌದು ಅಂದು, ಬಸ್ಸು, ಕಿಟಕಿ, ಟವಲ್ ಎಲ್ಲವನ್ನೂ ಬಿಡಿಸಿ ಹೇಳಿದರು. ವಾರ್ಡನ್ ತಾಳ್ಮೆಯಿಂದ ಕೇಳಿ, "ನಿಮ್ಮ ದೇಶದಲ್ಲಿ ಎಲ್ಲರೂ ಆ ಟವಲಿಗೆ ಮರ್ಯಾದೆ ಕೊಡ್ತಾರಾ?" ಅಂದ.

"ಕೊಡ್ತಾರ್ರಿ," ಅಂದರು ಇವರು.

ವಾರ್ಡನ್ ಕೈ ತೋರಿಸಿದ ಕಡೆ ನೋಡಿದರೆ, ನಮ್ಮ ಪ್ಲಾಸ್ಟಿಕ್ ಬಾತುಗಳ ಹಿಂದೆ ಯಾರೋ ಮೂರು ಜನ ಹಾಯಾಗಿ ಕೂತು ಬೇಟೆ ಆಡುತ್ತಿದ್ದರು. ಅವುಗಳನ್ನು ನೋಡಿ ನಿಜವಾದ ಬಾತುಗಳು ಬಂದು ಬಂದು ಇಳಿಯುತ್ತಿದ್ದವು. ಇವು ಯಾರವು ಅಂತ ಕೇಳಿದ್ದಕ್ಕೆ ಅವರು, ನಮ್ಮವಲ್ಲ ಅಂತ ಪ್ರಾಮಾಣಿಕವಾಗಿ ಹೇಳಿದ್ದರಂತೆ. ದಂಡ ನಮಗೆ ಬಿತ್ತು. ನಾವು ಟವಲ್ ಹಾಕಿದ ಸೀಟಿನಲ್ಲಿ ಅವರು ಕೂತದ್ದಲ್ಲದೆ, ನಮ್ಮ ಟವಲಿನಲ್ಲೇ ಮುಖವನ್ನೂ ಒರೆಸಿಕೊಂಡರು.

ಹೊಡೆದವರು ಅವರು

ಹೊಡೆದ ಹಕ್ಕಿಯನ್ನು ಬಿಸಾಡುವಂತಿಲ್ಲ. ಕಾನೂನೂ ಒಪ್ಪುವುದಿಲ್ಲ, ಬೇಟೆಗಾರರೂ ಒಪ್ಪುವುದಿಲ್ಲ. ಗೆಳೆಯರು ತಿನ್ನುವುದಿಲ್ಲವಾದ್ದರಿಂದ ಅವರು ಹೊಡೆದದ್ದೆಲ್ಲ ನನ್ನ ಮನೆಗೆ ಬರುತ್ತಿತ್ತು. ಅವರ ಗುರಿ ನನಗಿಂತ ಚೆನ್ನಾಗಿತ್ತು, ಅದು ಬೇರೆ ಹೊಟ್ಟೆಯುರಿ.

ನನ್ನ ಹೆಂಡತಿ ಮಾಂಸ ಮಾಡುತ್ತಾಳೆ, ತಿನ್ನುತ್ತಾಳೆ. ಆದರೆ ಶನಿವಾರ, ಸೋಮವಾರ ಇಲ್ಲ. "ಶನಿವಾರ ನಮ್ಮನೇಲಿ ಮೊಟ್ಟೆ ಕೂಡ ಒಡೆಯಲ್ಲ. ನೀವು ಶನಿವಾರಾನೇ ಹುಡುಕ್ಕೊಂಡು ಹೋಗಿ ಬಾತುಕೋಳಿ ಹೊಡ್ಕೊಂಡು ಬರ್ತೀರಲ್ಲ," ಅಂತ ಗ್ಯಾರೇಜಿನ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಹಕ್ಕಿಗಳು ಐಸ್ ಡಬ್ಬಿಯಲ್ಲಿ ಭಾನುವಾರಕ್ಕೆ ಕಾಯುತ್ತಿದ್ದವು. ಮಗಳು ಡಬ್ಬಿಯ ಕಡೆ ನೋಡದೆ ಸೈಕಲ್ ತೆಗೆದುಕೊಂಡು ಹೋಗುತ್ತಿದ್ದಳು. ಭಾನುವಾರ ಏಕಾದಶಿ ಬಂದರೆ ಇನ್ನೂ ಎರಡು ದಿನ ಗ್ಯಾರೇಜ್ ವಾಸ.

ಒಂದು ಭಾನುವಾರ ಅವಳು ಪುಕ್ಕ ತರಿದು ತರಿದು ಸಾಕಾಗಿ ಕೇಳಿದಳು. "ಇದ್ರಲ್ಲಿ ನೀವು ಹೊಡೆದದ್ದು ಎಷ್ಟು?"

"ಒಂದು," ಅಂದೆ. ಮಿಕ್ಕದ್ದು ಯಾರದು ಅಂತ ಅವಳಿಗೆ ಗೊತ್ತಿತ್ತು.

"ಪುಣ್ಯಕ್ಕೆ ಅವರು ದಿನಾ ಲಿಂಗಪೂಜೆ ಮಾಡ್ತಾರೆ. ಪಾಪ ತಿನ್ನೋಕೆ ನಾವಿದ್ದೀವಿ," ಅಂದಳು.

ಡಲ್ಲಾಸ್‌ನಲ್ಲಿ ಅವ್ವನ ಫೋನು

ಡಲ್ಲಾಸ್‌ನ ಉತ್ತರಕ್ಕೆ ಒಂದು ದೊಡ್ಡ ಜಲಾಶಯದಲ್ಲಿ ಬಾತು ಇಳಿದಿವೆ ಅಂತ ಯಾರೋ ಹೇಳಿದರು ಅಂತ ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋದೆವು. ಬೆಳಿಗ್ಗೆ ನಮ್ಮ ಎದುರಿನ ದಡದಲ್ಲಿ ನಾಲ್ಕು ಜನ ಕೂತಿದ್ದರು. ನಡುವೆ ನೀರು. ಇಂಥ ಕಡೆ ಒಬ್ಬರು ಅಲ್ಲಾಡಿದರೂ ಎರಡೂ ದಡದ ಬೇಟೆ ಹಾಳಾಗುತ್ತದೆ. ಹಕ್ಕಿಗಳ ಕಣ್ಣಿಗೆ ಬೀಳದಂತೆ ಎಲ್ಲರೂ ಮುಖಕ್ಕೆ ಕಪ್ಪು ಬಳಿದುಕೊಂಡು ಉಸಿರು ಬಿಗಿಹಿಡಿದಿದ್ದೆವು. ದೊಡ್ಡ ಗುಂಪೊಂದು ಸುತ್ತು ಹಾಕುತ್ತಾ ಹಾಕುತ್ತಾ ಕೆಳಗೆ ಇಳಿಯುತ್ತಿತ್ತು.

ಆಗ ಗೆಳೆಯರ ಫೋನು ಹೊಡೆದುಕೊಂಡಿತು. ಧಾರವಾಡದಲ್ಲಿ ಸಂಜೆ. ಅವರ ತಾಯಿಯ ವಿಡಿಯೋ ಕಾಲ್.

"ಕಟ್ ಮಾಡಿ," ಅಂದೆ ಹಲ್ಲು ಕಚ್ಚಿ.

"ಅವ್ವನ ಫೋನ್ ಕಟ್ ಮಾಡಂಗಿಲ್ರಿ," ಅಂದರು. ಎತ್ತಿದರು.

ಅವ್ವನಿಗೆ ಕಿವಿ ಮಂದ. ತನಗೆ ಕೇಳದ್ದು ಯಾರಿಗೂ ಕೇಳುವುದಿಲ್ಲ ಅಂತ ಜೋರಾಗಿ ಮಾತಾಡುತ್ತಾರೆ. "ಮಾರಿ ಯಾಕ ಹಂಗ ಕರ್ರಗ ಆಗೇತಿ? ಬಿಸಲಾಗ ಅಡ್ಡ್ಯಾಡಬ್ಯಾಡ ಅಂತ ಎಷ್ಟ ಸಲ ಹೇಳ್ಲಿ?" ಅಂದರು. ಬಾತುಗಳೆಲ್ಲ ಒಟ್ಟಿಗೆ ಮೇಲೆದ್ದು ಒಕ್ಲಹೋಮಾದ ಕಡೆಗೆ ಹೋದವು. ಎದುರು ದಡದಿಂದ ಬೈಗುಳ ಶುರುವಾಯಿತು. ನಮ್ಮ ದೇಶ, ಬಣ್ಣ, ಹುಟ್ಟು ಎಲ್ಲವೂ ಅದರಲ್ಲಿ ಬಂದವು. ಬರೆಯಲು ಯೋಗ್ಯವಾದದ್ದು ಒಂದೂ ಇರಲಿಲ್ಲ. ಕೋವಿ ಇರುವ ನಾಲ್ಕು ಜನ ನಮ್ಮನ್ನು ಹಾಗೆ ಬೈಯುತ್ತಿದ್ದಾಗ ನನಗೆ ಭಯವೇ ಆಯಿತು.

"ಯಾರವರು, ಹಂಗ್ಯಾಕ ಒದರಾಕತ್ಯಾರ?" ಅಂದರು ಅವ್ವ. ಆ ಕೂಗಾಟ ಅವರ ಮಂದ ಕಿವಿಗೂ ಮುಟ್ಟಿತ್ತು.

"ಗೆಳ್ಯಾರವ್ವ."

"ನಾಷ್ಟಾ ಆಗಿಲ್ಲೇನು ಅವರ್ದು? ಕೇಳು."

ಗೆಳೆಯರು ಅವ್ವನ ಮಾತು ಮೀರುವವರಲ್ಲ. ಎದ್ದು ನಿಂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ತಿಂಡಿ ಆಯಿತೇ ಅಂತ ನನ್ನ ತಾಯಿ ಕೇಳುತ್ತಿದ್ದಾರೆ ಅಂತ ಇಂಗ್ಲಿಷಿನಲ್ಲಿ ಕೂಗಿದರು. ಬೈಗುಳ ನಿಂತಿತು. ಕೊನೆಗೆ ಅವರಲ್ಲೇ ಹೆಚ್ಚು ಬೈದಿದ್ದವನ ದನಿ ಬಂತು.

"ಇನ್ನೂ ಇಲ್ಲ ಅಮ್ಮ, ಅಂತ ಹೇಳು."

ಮಾತು ಕೊಟ್ಟದ್ದು

ಇಷ್ಟೆಲ್ಲ ಆದ ಮೇಲೆ ನಾನು ಜನರಿಂದ ದೂರದಲ್ಲಿ ಒಂದು ಜಾಗ ಹುಡುಕಲು ಹೊರಟೆ. ಬೇಸಿಗೆಯಲ್ಲಿ, ಸೊಳ್ಳೆಯ ಕಾಲದಲ್ಲಿ, ಯಾರೂ ಕಾಲಿಡದ ಹೊತ್ತಿನಲ್ಲಿ ಹೂಸ್ಟನ್ ಕಡೆಯ ಆ ಜೌಗನ್ನೆಲ್ಲ ತುಳಿದೆ. ಎರಡು ಸಲ ಎದೆಮಟ್ಟ ಹೂತುಕೊಂಡೆ. ಒಂದು ಸಲ ಮೊಸಳೆಯ ಜೊತೆ ಮುಖಾಮುಖಿಯಾಯಿತು. ಕೊನೆಗೆ ಸಿಕ್ಕಿತು. ಮುರಿದ ಬೇಲಿ ಕಂಬ ದಾಟಿ, ಆಳದ ಕಾಲುವೆಯೊಂದನ್ನು ಹಾಯ್ದು, ಜೊಂಡಿನ ಹಿಂದೆ ಹೋದರೆ ಅಂಗಳದಷ್ಟು ನೀರು, ಪಕ್ಕದಲ್ಲಿ ವಾಲಿದ ಒಂದು ಮರ. ಚಳಿಗಾಲದ ಮೊದಲ ಶನಿವಾರವೇ ಬಾತುಗಳು ತಾವಾಗಿ ಬಂದು ಇಳಿದವು. ಅವತ್ತು ನಾನು ಬಹಳ ಹೊತ್ತು ಕೋವಿಯನ್ನೇ ಎತ್ತಲಿಲ್ಲ. ಸುಮ್ಮನೆ ನೋಡುತ್ತಾ ಕೂತಿದ್ದೆ. ಅಷ್ಟು ಸಂತೋಷವಾಗಿತ್ತು.

ಅಲ್ಲಿಗೆ ಕರೆದುಕೊಂಡು ಹೋದದ್ದು ಗೆಳೆಯರೊಬ್ಬರನ್ನೇ. ಹೋಗುವ ಮೊದಲು, ಎಲ್ಲ ನಿಯಮಗಳಿಗಿಂತ ದೊಡ್ಡದು ಯಾವುದು ಅಂತ ಹೇಳಿಕೊಟ್ಟೆ. ಇನ್ನೊಬ್ಬರು ತೋರಿಸಿದ ಜಾಗಕ್ಕೆ ಅವರಿಲ್ಲದೆ ಹೋಗಬಾರದು, ಬೇರೆಯವರನ್ನು ಕರೆದುಕೊಂಡು ಹೋಗುವುದಂತೂ ಇಲ್ಲವೇ ಇಲ್ಲ. ಇದನ್ನು ಮುರಿದವನನ್ನು ಬೇಟೆಗಾರರು ಮನುಷ್ಯ ಅಂತ ಲೆಕ್ಕಕ್ಕೆ ಇಡುವುದಿಲ್ಲ.

"ನನ್ನ ಬಾಯಿಂದ ಒಂದು ಅಕ್ಷರ ಹೊರಗ ಬರಂಗಿಲ್ರಿ," ಅಂದರು. ಕಣ್ಣಲ್ಲಿ ನೀರು ತಂದುಕೊಂಡರು.

ಮುಂದಿನ ಚಳಿಗಾಲದಲ್ಲಿ ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿ ಹೆಂಡತಿಯ ಕಡೆಯವರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕೂತವರು ಬೆಂಗಳೂರಿನವರು, ಅಲ್ಲೇ ಟೆಕ್ ಕಂಪನಿಯಲ್ಲಿ ಕೆಲಸ. ನನಗೆ ಬಾತುಕೋಳಿ ಹುಚ್ಚು ಅಂತ ಯಾರೋ ಹೇಳಿದ್ದರು. ಅವರು ಚಿತ್ರಾನ್ನ ಕಲಸುತ್ತಾ ನನ್ನ ಕಿವಿಯ ಹತ್ತಿರ ಬಂದರು.

"ಸರ್, ಹೂಸ್ಟನ್ ಕಡೆ ಒಂದು ಸೀಕ್ರೆಟ್ ಜಾಗ ಇದೆ. ಶುಗರ್ ಲ್ಯಾಂಡ್‌ನಲ್ಲಿ ನಮ್ಮ ಸರ್ ಒಬ್ಬರಿದ್ದಾರೆ, ಧಾರವಾಡದವರು. ಎಷ್ಟೋ ವರ್ಷ ಕಷ್ಟಪಟ್ಟು ಹುಡುಕಿದ್ದಾರಂತೆ. ಮುರಿದ ಬೇಲಿ ಕಂಬ ದಾಟಿ, ಒಂದು ಕಾಲುವೆ ಹಾಯ್ದು ಹೋದ್ರೆ..."

"ವಾಲಿದ ಮರ," ಅಂದೆ.

"ನಿಮಗೆ ಹೇಗೆ ಗೊತ್ತು?" ಅಂತ ಅವರು ಗಾಬರಿಯಾದರು.

"ಅಂದಾಜು ಮಾಡಿದೆ," ಅಂದೆ. ಎಲೆಯ ಮೇಲಿದ್ದ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದೆ.

ಅವರು ಸುತ್ತ ಮುತ್ತ ನೋಡಿ, "ಸರ್, ದಯವಿಟ್ಟು ಯಾರಿಗೂ ಹೇಳಬೇಡಿ. ಒಬ್ಬರ ಬಾಯಿಂದ ಹೋದ್ರೂ ಜಾಗ ಹಾಳಾಗುತ್ತೆ. ನಮ್ಮ ಸರ್ ಬಹಳ ನೊಂದ್ಕೋತಾರೆ. ಪ್ರಾಮಿಸ್ ಮಾಡಿ," ಅಂದರು.

ಅವರ ಎಂಜಲಾಗದ ಕೈಯ ಮೇಲೆ ನನ್ನ ಎಂಜಲಾಗದ ಕೈ ಇಟ್ಟೆ. ನನ್ನ ಮೂಲೆಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಅಂತ ನಾನೇ ಮಾತು ಕೊಟ್ಟು, ಪಾಯಸಕ್ಕೆ ಕಾಯದೆ ಎದ್ದೆ.

ಯಾವನೋ ಒಬ್ಬ

ಗೆಳೆಯರನ್ನು ಕೇಳಿಯೇಬಿಡಬೇಕು ಅಂತ ಇಡೀ ವಾರ ಅಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಅವರು ಹೌದು ಅನ್ನಬಹುದು ಅನ್ನುವ ಭಯ ಇತ್ತು. ಶನಿವಾರ ಜಾಗದಲ್ಲಿ ಇಬ್ಬರೇ ಕೂತಾಗ ಮೆತ್ತಗೆ ಮಾತು ತೆಗೆದರಾಯಿತು ಅಂದುಕೊಂಡೆ. ಶುಕ್ರವಾರ ಅವರದ್ದೇ ಫೋನು ಬಂತು. "ಈ ಶನಿವಾರ ಬರಾಕಾಗಂಗಿಲ್ರಿ, ನಡಾ ಹಿಡದೈತಿ. ನೀವೂ ಹೋಗಬ್ಯಾಡ್ರಿ, ಥಂಡಿ ಭಾಳ ಐತಿ," ಅಂದರು. ನನ್ನ ಆರೋಗ್ಯದ ಮೇಲೆ ಅವರಿಗೆ ಇಷ್ಟೊಂದು ಕಾಳಜಿ ಹಿಂದೆ ಇರಲಿಲ್ಲ.

ಒಬ್ಬನೇ ಹೋದೆ. ಬೇಲಿ ಕಂಬ ದಾಟಿ ಕಾಲುವೆಗೆ ಇಳಿಯುವಷ್ಟರಲ್ಲಿ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬಂತು. ಸಮುದ್ರದ ಕಡೆಯ ಗಾಳಿಯಲ್ಲಿ ಕರಿಬೇವು. ಇನ್ನೂ ನಾಲ್ಕು ಹೆಜ್ಜೆ ಹಾಕಿದೆ. ಜೊಂಡಿನ ಹಿಂದಿನಿಂದ ಒಂದು ಟಾರ್ಚು ನನ್ನ ಮುಖಕ್ಕೆ ಬೆಳಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಕೊನೆಗೆ ಆ ಜೊಂಡೆಲ್ಲ ದೀಪಾವಳಿಯಾಯಿತು. ನನ್ನ ಮುಖವೆಲ್ಲ ಮಫ್ಲರ್ ಮುಚ್ಚಿತ್ತು, ಟೋಪಿ ಕಣ್ಣಿನ ತನಕ ಇತ್ತು. ಯಾರೋ ಇಂಗ್ಲಿಷಿನಲ್ಲಿ ಕೂಗಿದರು. "ಸರ್, ಇಲ್ಲಿ ಜನ ಇದ್ದೇವೆ. ಮೊದಲು ಬಂದವರಿಗೆ ಜಾಗ. ದಯವಿಟ್ಟು ದೂರ ಹೋಗಿ." ಫ್ಲೂಗರ್‌ವಿಲ್‌ನವರ ದನಿ ಅದು.

ನಾನು ಅಲ್ಲೇ ನಿಂತೆ. ಆಗ ಹಿಂದಿನಿಂದ ಇನ್ನೊಂದು ದನಿ, ಹೊಸಬರಿಗೆ ಪಾಠ ಹೇಳುವ ಧಾಟಿಯಲ್ಲಿ, ಮೆತ್ತಗೆ ಕೇಳಿತು. "ಒದರಬ್ಯಾಡ್ರಿ. ಬೇಟೆಗಾರರಿಗೆ ಒಂದ ರೀತಿ ಅಂತ ಐತಿ. ಬೆಳಕ ತೋರಸ್ಬೇಕು, ಸುಮ್ಮನಾಗ್ಬೇಕು. ಮರ್ಯಾದಸ್ಥ ಆದ್ರ ಅಂವ ತಾನ ಹೊಳ್ಳಿ ಹೋಗ್ತಾನ." ಒಂದೊಂದು ಮಾತೂ ನಾನು ಹೇಳಿಕೊಟ್ಟದ್ದು. ಸೊಂಟ ಹಿಡಿದುಕೊಂಡಿದೆ ಅಂದ ಗೆಳೆಯರು ಯಾವ ತೊಂದರೆಯೂ ಇಲ್ಲದೆ ಕಾಲುವೆ ದಾಟಿ ಬಂದು ಕೂತಿದ್ದರು.

ಮಫ್ಲರ್ ಇಳಿಸಿ, ನಾನು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಎಲ್ಲರೂ ಬನ್ನಿ ಬನ್ನಿ ಅನ್ನುತ್ತಿದ್ದರು, ಸರಿದು ಕೂತು ಜಾಗ ಮಾಡುತ್ತಿದ್ದರು, ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದರು. ನಾನು ಹುಡುಕಿದ ಜಾಗದಲ್ಲಿ ನೆಂಟನ ಹಾಗೆ ಕೂರುವುದು ನನ್ನಿಂದಾಗುವ ಕೆಲಸವಲ್ಲ. ಮರ್ಯಾದಸ್ಥನ ಹಾಗೆ ಹೊರಳಿ ಹೋದೆ. ಕಾರಿನಲ್ಲಿ ಹೀಟರ್ ಹಾಕಿಕೊಂಡು ಬೆಳಗಾಗುವವರೆಗೂ ಕೂತಿದ್ದೆ. ಕಣ್ಣೀರನ್ನೂ ಹಾಕಿದೆ, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಸಂಜೆ ಗೆಳೆಯರ ಫೋನು ಬಂತು. ದನಿಯಲ್ಲಿ ಬಹಳ ನೋವಿತ್ತು.

"ನಮ್ಮ ಜಾಗಾ ಹಾಳಾತ್ರಿ," ಅಂದರು.

"ಏನಾಯ್ತು?"

"ನಿನ್ನೆ ನಡಾ ಸ್ವಲ್ಪ ಹಗರ ಅನಸ್ತು, ಸುಮ್ನ ನೋಡ್ಕೊಂಡ ಬರೂಣಂತ ಹೋಗಿದ್ದೆ. ಕತ್ತಲಾಗ ಯಾವನೋ ಒಬ್ಬ ಟಾರ್ಚ್ ಹಿಡ್ಕೊಂಡು ನೆಟ್ಟಗ ನಮ್ಮ ಜಾಗಕ್ಕ ಬರಾಕತ್ತಿದ್ದ. ಬೇಲಿ ಕಂಬ, ಕಾಲುವಿ ಎಲ್ಲಾ ಗೊತ್ತೈತಿ ಅವಗ. ನಾ ಅಂತೂ ಯಾರಿಗೂ ಹೇಳಿಲ್ಲ. ನೀವೇನರ ಯಾರಿಗರ ಹೇಳಿದ್ರೇನು?"

"ಹೇಳಿದ್ದೆ," ಅಂದೆ. "ಒಬ್ಬರಿಗೆ."

ಆ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. "ಭಾಳ ತಪ್ಪ ಮಾಡಿದ್ರಿ. ನಂಬಿ ತೋರಿಸಿದ ಜಾಗಾನ ಹಿಂಗ ಊರಿಗೆಲ್ಲ ಹಂಚಾಂವ ಮನಶ್ಯಾ ಏನ್ರಿ ಅಂವ? ನನ್ನ ಮಾತ ಕೇಳ್ರಿ. ಇನ್ನ ಮ್ಯಾಲ ಅಂಥಾವನ ಜೋಡಿ ಬ್ಯಾಟಿಗೆ ಹೋಗಬ್ಯಾಡ್ರಿ."

ಆಯಿತು ಅಂದೆ. ಇವತ್ತಿನವರೆಗೂ ಹೋಗಿಲ್ಲ.